ಖಾದರ್ ಭಾಯ್ ಮತ್ತು ಬ್ರೇಕಿಲ್ಲದ ದೋಣಿ

ಭಾನುವಾರ ಬೆಳಿಗ್ಗೆ ಯಲಹಂಕದ ಸಿಗ್ನಲ್ಲಿನಲ್ಲಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಹಳೆಯ ಸ್ಕೂಟರಿನ ಮೇಲೆ ಗಂಭೀರವಾಗಿ ಕೂತ ಎಪ್ಪತ್ತರ ಹತ್ತಿರದ ಮುದುಕರೊಬ್ಬರನ್ನು ನೀವು ನೋಡಿದ್ದರೆ, ಅವರೇ ಖಾದರ್ ಭಾಯ್. ಕೆರೆ ಅಲ್ಲಿಂದ ಇನ್ನೂ ನಾಲ್ಕು ಕಿಲೋಮೀಟರ್ ದೂರ. ಆದರೆ ಭಾಯ್ ಕೊಡಿಗೇಹಳ್ಳಿಯ ತಮ್ಮ ಮನೆಯ ಹೊಸ್ತಿಲಲ್ಲೇ ಜಾಕೆಟ್ಟಿನ ಮೂರೂ ಬಕಲ್ ಹಾಕಿಕೊಂಡು ಹೊರಡುತ್ತಿದ್ದರು. ಒಮ್ಮೆ ಪಕ್ಕದಲ್ಲಿ ನಿಂತಿದ್ದ ಆಟೋದವನು, "ಏನ್ ಚಾಚಾ, ಮುಂದೆ ಅಂಡರ್‌ಪಾಸಲ್ಲಿ ನೀರು ನಿಂತಿದ್ಯಾ?" ಎಂದು ಕೇಳಿದ. ಭಾಯ್ ತಿರುಗಿಯೂ ನೋಡದೆ, "ಇನ್ನೂ ನಿಂತಿಲ್ಲಪ್ಪಾ. ನಿಂತ್ಮೇಲೆ ಹಾಕ್ಕೊಳಕ್ಕೆ ಟೈಮ್ ಎಲ್ಲಿ ಸಿಗ್ತದೆ?" ಎಂದರು. ಹಿಂದಿನ ಸೀಟಿನಲ್ಲಿದ್ದ ನಾನು ನಕ್ಕು ರಸ್ತೆಗೆ ಬೀಳುವುದರಲ್ಲಿದ್ದೆ. ನನಗೆ ಜಾಕೆಟ್ ಇರಲಿಲ್ಲ.

ಅವರಿಗೆ ಈಜು ಬರುತ್ತಿರಲಿಲ್ಲ. ಹಾಯಿದೋಣಿ ನಡೆಸುವುದನ್ನು ಕಲಿಸುವ ಮೇಷ್ಟ್ರಿಗೆ ಈಜು ಬರುವುದಿಲ್ಲ ಎಂಬುದು ನಮ್ಮ ಕೆರೆಯ ಬಹಿರಂಗ ಗುಟ್ಟು. ಯಾರಾದರೂ ಕೆದಕಿದರೆ ಅವರ ಉತ್ತರ ಸಿದ್ಧವಿತ್ತು: "ಈಜು ಬಂದ್ರೆ ಬೀಳೋ ಧೈರ್ಯಾನೂ ಬರ್ತದೆ. ನಂಗೆ ಬರಲ್ಲ, ಅದಕ್ಕೇ ಇಪ್ಪತ್ತು ವರ್ಷದಿಂದ ಒಂದ್ಸಲಾನೂ ಬಿದ್ದಿಲ್ಲ." ಈಜು ಬರುವ ನಾನು ಮೊದಲ ತಿಂಗಳಲ್ಲೇ ಐದು ಸಲ ಬಿದ್ದಿದ್ದೆ. ಆದ್ದರಿಂದ ಈ ವಾದಕ್ಕೆ ಎದುರು ಹೇಳುವ ನೈತಿಕ ಹಕ್ಕು ನನಗಿರಲಿಲ್ಲ.

ಮೂಲತಃ ಅವರು ಆರ್.ಟಿ. ನಗರದ ಸ್ಕೂಟರ್ ಮೆಕ್ಯಾನಿಕ್. ಯಲಹಂಕದಾಚೆಯ ಕೆರೆಯಲ್ಲಿ ಹತ್ತಾರು ಜನ ಸೇರಿ ಕಟ್ಟಿಕೊಂಡಿದ್ದ ಪುಟ್ಟ ದೋಣಿ ಸಂಘದವರು ಒಂದು ದಿನ ಕೆಟ್ಟುಹೋದ ದೋಣಿಯ ಮೋಟರನ್ನು ಆಟೋದಲ್ಲಿ ಮಲಗಿಸಿಕೊಂಡು ಅವರ ಗ್ಯಾರೇಜಿಗೆ ತಂದಿದ್ದರಂತೆ. ದೋಣಿಯ ಹಿಂಬದಿಗೆ ಕಚ್ಚಿಸುವ ಸಣ್ಣ ಮೋಟರ್ ಅದು. ಭಾಯ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಸ್ಕೂಟರೇ. ಚಕ್ರ ಬಿಚ್ಚಿ ಫ್ಯಾನ್ ಹಾಕಿದ್ದಾರೆ" ಎಂದು ತೀರ್ಪು ಕೊಟ್ಟರು. ರಿಪೇರಿ ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ನೋಡಲು ಕೆರೆಗೆ ಹೋದರು. ನೋಡುತ್ತಾ ನೋಡುತ್ತಾ ಇಪ್ಪತ್ತು ವರ್ಷ ಅಲ್ಲೇ ಉಳಿದರು.

ಹಾಯಿದೋಣಿಗೆ ಮೋಟರ್ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಭಾಯ್ ದಡದ ಕಡೆ ಗದ್ದವೆತ್ತಿ ತೋರಿಸಿದರು. ಅಲ್ಲಿ, ನಮ್ಮ ಜೆಟ್ಟಿಯ ಬೆನ್ನಿಗೇ, ಹದಿನೆಂಟು ಅಂತಸ್ತಿನ ಎರಡು ಅಪಾರ್ಟ್‌ಮೆಂಟುಗಳು ಎದ್ದು ನಿಂತಿದ್ದವು. "ಮೊದ್ಲು ಗಾಳಿ ನೆಟ್ಟಗೆ ಬರ್ತಿತ್ತು. ಬಿಲ್ಡಿಂಗ್ ಬಂದ್ಮೇಲೆ ಡೈವರ್ಷನ್ ತಗೊಂಡ್ತು." ಕೆರೆಯ ನಡುವೆ ಹಾಯಿ ತುಂಬಿ ಓಡುವ ದೋಣಿ ದಡದ ಹತ್ತಿರ ಬಂದರೆ ಗಾಳಿಯಿಲ್ಲದೆ ಸತ್ತಂತೆ ನಿಲ್ಲುತ್ತಿತ್ತು. ಹಾಗಾಗಿ ಹಾಯಿ ಇಳಿಸಿ, ಮೋಟರ್ ಹಚ್ಚಿ ಜೆಟ್ಟಿಗೆ ಬರಬೇಕು. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಎರಡು ಕಟ್ಟಡಗಳ ನಡುವೆ ಒಂದು ಸಂದಿಯಿತ್ತು. ಅಡ್ಡಿ ಸಿಕ್ಕ ಗಾಳಿಯೆಲ್ಲ ಆ ಸಂದಿಯಿಂದ ಓರೆಯಾಗಿ ನುಗ್ಗಿ, ಜೆಟ್ಟಿಗೆ ಇಪ್ಪತ್ತು ಅಡಿ ದೂರದಲ್ಲಿ ನೀರಿನ ಮೇಲೆ ಅಡ್ಡಡ್ಡ ಬೀಸುತ್ತಿತ್ತು. ಭಾಯ್ ಇದಕ್ಕೆ 'ಗಲ್ಲಿ ಗಾಳಿ' ಎಂದು ಹೆಸರಿಟ್ಟಿದ್ದರು. ಬೇಗ ಮೋಟರನ್ನು ನ್ಯೂಟ್ರಲ್‌ಗೆ ತಂದಿರೋ, ಗಲ್ಲಿ ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳಿ ಏರಿಯ ಕಲ್ಲುಗಳಿಗೆ ಒಪ್ಪಿಸುತ್ತದೆ. ತಡ ಮಾಡಿದಿರೋ, ಜೆಟ್ಟಿಗೇ ಡಿಕ್ಕಿ. ನಮ್ಮ ಮೋಟರಿಗೆ ಮುಂದಕ್ಕೆ ಹೋಗುವುದು, ಸುಮ್ಮನಿರುವುದು, ಎರಡೇ ಗೊತ್ತಿತ್ತು. ರಿವರ್ಸ್ ಎಂಬುದೇ ಇರಲಿಲ್ಲ.

"ದೋಣಿಗೆ ಬ್ರೇಕಿಲ್ಲ" ಎನ್ನುವುದು ಅವರ ಮೊದಲ ಪಾಠ, ನಡುವಿನ ಪಾಠ ಮತ್ತು ಕೊನೆಯ ಪಾಠ. "ಸ್ಪೀಡಾಗಿ ಬರೋನು ಹೀರೋ ಅಲ್ಲ ರೇ. ಬಂದು ನಿಲ್ಲಿಸ್ತಾನಲ್ಲ, ಅವನು ಹೀರೋ." ಚುಕ್ಕಾಣಿಯ ಪಾಠವನ್ನು ಅವರು ನೀರಿನಲ್ಲಿ ಶುರು ಮಾಡುತ್ತಿರಲಿಲ್ಲ, ಹೆಬ್ಬಾಳದಲ್ಲಿ ಶುರು ಮಾಡುತ್ತಿದ್ದರು. "ಹೆಬ್ಬಾಳದಲ್ಲಿ ಉದ್ದನೆ ಬಸ್ಸು ತಿರುಗೋದು ನೋಡಿದ್ಯಾ? ಮೂತಿ ಈ ಕಡೆ ಹೋದ್ರೆ ಬಾಲ ಆ ಕಡೆ ಬೀಸ್ತದೆ. ಬಾಲದ ಹತ್ರ ನಿಂತಿರೋ ಬೈಕಿನೋನು ಹೆದರ್ಕೋತಾನೆ. ದೋಣೀಲಿ ನೀನು ಡ್ರೈವರ್ ಅಲ್ಲ, ಬಾಲದಲ್ಲಿ ಕೂತಿರೋ ಕಂಡಕ್ಟರ್ರು. ಬಾಲ ತಿರುಗಿಸು, ಮೂತಿ ತಾನೇ ಬರ್ತದೆ. ಎಡಕ್ಕೆ ಹೋಗ್ಬೇಕಾ? ಹಿಡಿ ಬಲಕ್ಕೆ ತಳ್ಳು."

ನಾನು ಎಡಕ್ಕೆ ಹೋಗಬೇಕೆಂದು ಎಡಕ್ಕೇ ತಳ್ಳಿದೆ. ಅದೂ ಮೋಟರ್ ಗೇರಿನಲ್ಲಿರುವಾಗಲೇ ಹುರಿ ಎಳೆದು ಸ್ಟಾರ್ಟ್ ಮಾಡಿದ ಮಹಾಪುರುಷ ನಾನು. ದೋಣಿ ಚಿಮ್ಮಿ ಅಂತರಗಂಗೆಯ ರಾಶಿಯೊಳಗೆ ತಲೆ ಹುದುಗಿಸಿತು. ಫ್ಯಾನಿಗೆ ಕಳೆಯ ಬೇರೆಲ್ಲ ಜಡೆಯಂತೆ ಸುತ್ತಿಕೊಂಡು ಮೋಟರ್ ಗೊರಗೊರ ಎಂದು ನಿಂತುಹೋಯಿತು. ಜೆಟ್ಟಿಯಿಂದ ಭಾಯ್ ದನಿ ತೇಲಿ ಬಂತು: "ಶಾಬಾಶ್! ಮಾರ್ಕೆಟ್ಟಿಗೆ ಹೋಗಿದ್ಯಾ? ಬರುವಾಗ ಒಂದು ಕಟ್ಟು ಕೊತ್ತಂಬ್ರೀನೂ ತಗೊಂಬಾ!"

ಆ ದನಿಯೇ ಒಂದು ವಾದ್ಯ. ಬೀಡಿ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಅದರ ಹೊಗೆ ಇನ್ನೂ ಗಂಟಲಿನಲ್ಲಿ ಬಾಡಿಗೆಗಿದ್ದಂತೆ ಗೊಗ್ಗರು. ಆದರೂ ಕೆರೆಯ ಆಚೆ ದಡಕ್ಕೂ ಸ್ಪಷ್ಟ. ಇಂಥ ದನಿ ಕೈಗೆ ಸಿಕ್ಕ ಮೇಲೆ ನನ್ನಂಥವನು ಸುಮ್ಮನಿರುವುದುಂಟೇ? ನಾನು ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಅಮಾನತಾದವನು, ಮನೆಯಲ್ಲಿ ಅಪ್ಪನ ದನಿ ತೆಗೆದು ಊಟ ಕಳೆದುಕೊಂಡವನು. ಒಂದೇ ವಾರದಲ್ಲಿ ಭಾಯ್ ನನ್ನ ಗಂಟಲಿಗೆ ಇಳಿದರು. ಟೀ ಕುಡಿಯುವ ಶೆಡ್ಡಿನಲ್ಲಿ ಗೆಳೆಯರ ಮುಂದೆ ಪ್ರದರ್ಶನ ನಡೆಯುತ್ತಿದ್ದಾಗ ಸ್ವತಃ ಅವರೇ ಬಾಗಿಲಲ್ಲಿ ಬಂದು ನಿಂತರು. ಭಾಯ್ ಪೂರ್ತಿ ಕೇಳಿ, "ನಾನು ಕೆಮ್ಮೋದು ಒಂದ್ಸಲ ಅಲ್ಲ ಕಣೋ, ಎರಡು ಸಲ. ಸರಿಯಾಗಿ ಮಾಡು" ಎಂದು ತಿದ್ದಿದರು. ಕೇಳಿದ್ದನ್ನೇ ತಿರುಗಿ ಹಾಡುವ ನನ್ನ ಹೆಸರು ಅಂದಿನಿಂದ 'ಟೇಪು' ಆಯಿತು. ಮೆಕ್ಯಾನಿಕ್ ಕೊಟ್ಟ ಹೆಸರು, ಹಾಗಾಗಿ ಗಟ್ಟಿಯಾಗಿ ಕೂತಿತು.

ಸಂಘದ ಕಾರ್ಯದರ್ಶಿ ಮೂರ್ತಿ ಸರ್ ನಿವೃತ್ತ ಇಂಜಿನಿಯರ್, ನ್ಯಾಯವಂತರು, ಇಸ್ತ್ರಿ ಮಾಡಿದ ಚಡ್ಡಿ ಹಾಕಿಕೊಂಡು ಕೆರೆಗೆ ಬರುತ್ತಿದ್ದ ಒಬ್ಬರೇ ಮನುಷ್ಯರು. ಅವರಿಗೆ ಭಾಯ್ ಮೇಲೆ ದ್ವೇಷವೇನಿರಲಿಲ್ಲ, ಚಿಂತೆಯಿತ್ತು. ವಯಸ್ಸಾದ, ಈಜು ಬಾರದ, ಯಾವ ಸರ್ಟಿಫಿಕೇಟೂ ಇಲ್ಲದವರು ಕಲಿಸುತ್ತಿದ್ದಾರೆ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಕಮಿಟಿಯಲ್ಲಿ ಮಾತು ಎದ್ದಿತ್ತು. ಕೊನೆಗೆ ಒಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಭಾಯ್ ಕಲಿಸಿದ ಒಬ್ಬರು ಒಂಟಿಯಾಗಿ ದೋಣಿಯನ್ನು ಮೋಟರಿನಲ್ಲಿ ಜೆಟ್ಟಿಗೆ ತಂದು ನಿಲ್ಲಿಸಬೇಕು. ಸರಿಯಾಗಿ ಬಂದರೆ ಭಾಯ್ ಮೇಷ್ಟ್ರಾಗಿಯೇ ಮುಂದುವರಿಯುತ್ತಾರೆ. ಇಲ್ಲದಿದ್ದರೆ ಮೋಟರ್ ರಿಪೇರಿಗೆ ಮಾತ್ರ.

"ರಿಪೇರಿ ಗ್ಯಾರೇಜಲ್ಲೂ ಮಾಡಬಹುದು" ಎಂದರು ಭಾಯ್ ನನ್ನ ಹತ್ತಿರ, ಸ್ಕೂಟರಿಗೆ ಕಿಕ್ ಹೊಡೆಯುತ್ತಾ. "ಅದಕ್ಕೆ ಕೆರೆ ಯಾಕೆ?" ಮೂರು ಕಿಕ್ಕಿಗೆ ಸ್ಟಾರ್ಟ್ ಆಗುವ ಸ್ಕೂಟರ್ ಆ ದಿನ ಹನ್ನೊಂದು ಕಿಕ್ ತೆಗೆದುಕೊಂಡಿತು.

ಪರೀಕ್ಷೆಗೆ ಅವರು ಆರಿಸಿದ್ದು ಶೈಲಜಾ ಮೇಡಂ ಅವರನ್ನು. ಬಾಗಲಕೋಟೆ ಕಡೆಯವರು, ನಮ್ಮ ಕಡೆಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದರು. ನೀರಿಗೆ ಹೆದರಿ ಹೆದರಿಯೇ ಆರು ತಿಂಗಳು ಕಲಿತವರು. ನನ್ನನ್ನು ಯಾಕೆ ಆರಿಸಲಿಲ್ಲ ಎಂದು ಕೇಳಿದ್ದಕ್ಕೆ ಭಾಯ್, "ನಿನ್ನ ಕಳಿಸಿದ್ರೆ ಕಮಿಟಿಯೋರಿಗೆ ಕೊತ್ತಂಬ್ರಿ ಸಿಗ್ತದೆ, ನಂಗೆ ಕೆಲಸ ಸಿಗಲ್ಲ" ಎಂದರು.

ಆ ಭಾನುವಾರ ಕಮಿಟಿಯ ಐದೂ ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಭಾಯ್ ಜೆಟ್ಟಿಯ ತುದಿಯಲ್ಲಿ. ಮೇಡಂ ಹಾಯಿ ಇಳಿಸಿ, ಮೋಟರ್ ಹಚ್ಚಿ, ನೆಟ್ಟಗೆ ಬರುತ್ತಿದ್ದರು. ಅಷ್ಟು ದೂರದಿಂದಲೂ ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಗ್ಗಿ ಹೇಳಿಕೊಳ್ಳುತ್ತಿದ್ದರೋ ಏನೋ. ನಾನು ಶೆಡ್ಡಿನ ಹಿಂದೆ ಗೆಳೆಯರ ಜೊತೆ ನಿಂತಿದ್ದೆ. ಎಲ್ಲರ ಕಣ್ಣೂ ದೋಣಿಯ ಮೇಲಿತ್ತು. ಇಂಥ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕುವ ಬುದ್ಧಿ ದೇವರು ನನಗೆ ಕೊಟ್ಟಿಲ್ಲ. "ಮಗಾ, ಈಗ ಭಾಯ್ ಏನಂತಾರೆ ಹೇಳು ನೋಡೋಣ" ಎಂದ ಒಬ್ಬ. ನಾನು ಎರಡು ಸಲ ಕೆಮ್ಮಿ, ಎದೆಯಾಳದಿಂದ ತೆಗೆದೆ:

"ನ್ಯೂಟ್ರಲ್! ನ್ಯೂಟ್ರಲ್ ಮಾಡಿ ಮೇಡಮ್ಮಾ!"

ನನ್ನ ಜೀವನದ ಅತ್ಯುತ್ತಮ ಅನುಕರಣೆ ಅದು. ದನಿ ಶೆಡ್ಡಿನ ತಗಡಿಗೆ ಬಡಿದು ನೀರಿನ ಮೇಲೆ ಹೋಯಿತು. ಗಲ್ಲಿ ಗಾಳಿಗೆ ಇನ್ನೂ ಹತ್ತು ಅಡಿಯಿರುವಾಗಲೇ ಮೇಡಂ ಕೈ ತಾನಾಗಿ ಎದ್ದು ಮೋಟರನ್ನು ನ್ಯೂಟ್ರಲ್‌ಗೆ ತಂದಿತು. ದೋಣಿ ನಿಧಾನವಾಯಿತು. ದೋಣಿ ಓಡಿ, ಪಕ್ಕದಲ್ಲಿ ನೀರು ಹರಿಯದಿದ್ದರೆ ಚುಕ್ಕಾಣಿ ಬರೀ ಹಲಗೆ. ಮೇಡಂ ಅದನ್ನು ಅತ್ತ ತಳ್ಳಿದರು, ಇತ್ತ ಎಳೆದರು. ಸಂದಿಯಿಂದ ಬಂದ ಗಾಳಿ ಹಾಯಿಯಿಲ್ಲದ ಬರೀ ಕಂಬವನ್ನೇ ಹಿಡಿದು ದೋಣಿಯನ್ನು ಪಕ್ಕಕ್ಕೆ ದೂಡಿತು. ಕರ್ರ್ ಎಂದು ಏರಿಯ ಕಲ್ಲಿಗೆ ಮೈ ಉಜ್ಜಿಕೊಂಡು ದೋಣಿ ನಿಂತಿತು. ಮೇಡಮ್ಮಿಗೆ ಏನೂ ಆಗಲಿಲ್ಲ. ದೋಣಿಯ ಬಣ್ಣ ಒಂದು ಮೊಳ ಕಿತ್ತು ಬಂದಿತ್ತು.

"ಅಷ್ಟು ಬೇಗ ಯಾಕೆ ನ್ಯೂಟ್ರಲ್ ಹೇಳಿದ್ರಿ ಖಾದರ್?" ಎಂದು ಮೂರ್ತಿ ಸರ್ ಎದ್ದು ನಿಂತರು.

ಭಾಯ್ ಒಮ್ಮೆ ಶೆಡ್ಡಿನ ಕಡೆ ನೋಡಿದರು. ನನ್ನ ಕಣ್ಣು ಅವರ ಕಣ್ಣಿಗೆ ಸಿಕ್ಕಿತು. ಆಮೇಲೆ ಮೂರ್ತಿ ಸರ್ ಕಡೆ ತಿರುಗಿ, "ತಪ್ಪು ನಂದು ಸಾರ್" ಎಂದರು.

ನಾನು ಓಡಿ ಹೋಗಿ ಎಲ್ಲರ ಮುಂದೆ ನಿಂತೆ. "ಇಲ್ಲ ಸರ್. ಕೂಗಿದ್ದು ನಾನು. ಭಾಯ್ ದನಿ ತೆಗೆದು ಕೂಗಿದ್ದು ನಾನೇ."

"ಎಲ್ಲಿ, ಈಗ ಮಾಡಿ ತೋರಿಸಪ್ಪ" ಎಂದರು ಮೂರ್ತಿ ಸರ್.

ಕೆಮ್ಮಿದೆ. ಬಾಯಿ ತೆರೆದೆ. ಬೇಡದ ಕಡೆಯೆಲ್ಲ ಬರುವ ದನಿ, ಬೇಕಾದಾಗ ಕೈಕೊಟ್ಟಿತು. ಹಲ್ಲು ಕೀಳಿಸಿಕೊಂಡ ಮೇಕೆಯೊಂದು ನನ್ನೊಳಗಿನಿಂದ "ನ್ಯೂ..." ಎಂದಿತು. ಮತ್ತೊಮ್ಮೆ ಮಾಡಿದೆ. ಅದೇ ಮೇಕೆ. ಮೂರ್ತಿ ಸರ್ ನನ್ನ ಭುಜ ತಟ್ಟಿ, "ದೊಡ್ಡವರನ್ನ ಉಳಿಸಬೇಕು ಅನ್ನೋ ನಿನ್ನ ಮನಸ್ಸು ಒಳ್ಳೇದು. ಆದ್ರೆ ಅದಕ್ಕೋಸ್ಕರ ಸುಳ್ಳು ಹೇಳಬಾರದು" ಎಂದರು. ಬದುಕಿನಲ್ಲಿ ಮೊದಲ ಬಾರಿ ನಾನು ನಿಜ ಒಪ್ಪಿಕೊಂಡಿದ್ದೆ, ಅದಕ್ಕೆ ಸಿಕ್ಕ ಬಹುಮಾನ ಇದು.

ಆಗ ಶೈಲಜಾ ಮೇಡಂ ಒದ್ದೆ ಸೀರೆಯ ಸೆರಗು ಹಿಂಡುತ್ತಾ ಬಂದರು. "ನೋಡ್ರಿ ಸರ, ದೋಣಿ ನಡೆಸಿದಾಕಿ ನಾನು. ನಾಪಾಸ್ ಆಗೂದಾದ್ರ ನಾನು ಆಗ್ಬೇಕು, ಅವರ‍್ಯಾಕ ಆಗ್ಬೇಕು? ಪರೀಕ್ಷಾದಾಗ ಸಪ್ಲಿಮೆಂಟರಿ ಅಂತ ಇರ್ತದೋ ಇಲ್ಲೋ?" ಗಣಿತದ ಮೇಡಂ ಸಪ್ಲಿಮೆಂಟರಿ ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಮೂರ್ತಿ ಸರ್ ಮುಂದಿನ ಭಾನುವಾರ ಇನ್ನೊಂದು ಅವಕಾಶ ಕೊಟ್ಟರು. ಅದೇ ಕೊನೆಯದು ಎಂದೂ ಹೇಳಿದರು.

ಸಂಜೆ ಭಾಯ್ ಮೋಟರ್ ಬಿಚ್ಚಿ ಕೂತಿದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಬೈಯಿರಿ ಭಾಯ್" ಎಂದೆ.

"ಬೈತೀನಿ. ಮೊದ್ಲು ಆ ಸ್ಪ್ಯಾನರ್ ಕೊಡು."

ಕೊಟ್ಟೆ. ಬೈದರು. ದಖ್ಖನಿ ಉರ್ದುವಿನಲ್ಲಿ ಬೈದರು. ನನಗೆ ಅರ್ಧ ಅರ್ಥವಾಯಿತು, ಇನ್ನರ್ಧ ಅರ್ಥವಾಗದಿದ್ದುದು ನನ್ನ ಪುಣ್ಯ.

"ಆದ್ರೆ ನೀವ್ಯಾಕೆ ಭಾಯ್ ನಾನೇ ಕೂಗ್ದೆ ಅಂತ ಸುಳ್ಳು ಹೇಳಿದ್ರಿ?"

"ನಾನೆಲ್ಲಿ ಕೂಗ್ದೆ ಅಂದೆ? ತಪ್ಪು ನಂದು ಅಂದೆ." ಅವರು ಫ್ಯಾನಿನ ರೆಕ್ಕೆಯನ್ನು ಬಟ್ಟೆಯಿಂದ ಒರೆಸತೊಡಗಿದರು. "ಮೇಡಂ ಗಲ್ಲಿ ಗಾಳಿ ನೋಡ್ಲಿಲ್ಲ. ನೀರು ನೋಡ್ಲಿಲ್ಲ. ನನ್ನ ಬಾಯಿ ಕಾಯ್ತಾ ಕೂತಿದ್ರು. ಆರು ತಿಂಗ್ಳಿಂದ ನಾನು ಅದನ್ನೇ ಕಲಿಸಿದ್ದು. ನಿನ್ನಂಥ ಟೇಪು ಕೂಗಿದ್ರೂ ಕೈ ಎದ್ದು ಹೋಗ್ತದೆ ಅಂದ್ರೆ, ಆ ಕೈಗೆ ನಾನೇನ್ ಕಲಿಸ್ದಂಗಾಯ್ತು ಹೇಳು?"

ಅವರು ಕೇಳುವ ಮೊದಲೇ ಮುಂದಿನ ಸ್ಪ್ಯಾನರನ್ನು ನಾನೇ ಎತ್ತಿ ಕೊಟ್ಟೆ. ಇದು ಅಪರೂಪದ ಘಟನೆಯಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಮರುದಿನದಿಂದ ಭಾಯ್ ಹೊಸ ಪದ್ಧತಿ ಶುರು ಮಾಡಿದರು: ಬಾಯಿ ಮುಚ್ಚಿಕೊಂಡು ಕಲಿಸುವುದು. ಐವತ್ತು ವರ್ಷ ಗ್ಯಾರೇಜಿನಲ್ಲಿ ಕೂಗಿ ಬಾಳಿದ ಮನುಷ್ಯನಿಗೆ ಇದು ರೋಜಾಕ್ಕಿಂತ ಕಠಿಣ ಉಪವಾಸ. ಕೂಗುವ ಆಸೆ ಬಂದಾಗಲೆಲ್ಲ ಬಾಯಿಗೆ ಒಂದು ರಸ್ಕ್ ತುರುಕಿಕೊಳ್ಳುತ್ತಿದ್ದರು. ಮೊದಲ ಸಂಜೆ ಒಂದು ಪ್ಯಾಕೆಟ್ ಪೂರ್ತಿ ಖಾಲಿಯಾಯಿತು.

"ಭಾಯ್, ನೀವು ಸುಮ್ಮ ಕುಂತ್ರ ನನ್ನ ಕೈಕಾಲು ಆಡಂಗಿಲ್ರಿ" ಎಂದು ಮೇಡಂ ನೀರಿನಿಂದಲೇ ಗೋಗರೆದರು.

ಭಾಯ್ ರಸ್ಕ್ ನುಂಗಿ, "ಬೋರ್ಡ್ ಮೇಲೆ ಲೆಕ್ಕ ಮಾಡುವಾಗ ಹಿಂದ್ಗಡೆಯಿಂದ ಯಾರಾದ್ರೂ ಉತ್ತರ ಕೂಗ್ತಾರಾ ಮೇಡಂ?" ಎಂದರು.

"ಕೂಗ್ತಾರ್ರಿ. ಹುಡುಗೂರು ಬರೇ ತಪ್ಪು ಉತ್ತರಾನ ಕೂಗ್ತಾರ."

"ಹೌ! ನೀವು ಅದನ್ನ ಕೇಳಿ ಬರೀತೀರಾ?"

ಮೇಡಂ ಮೋಟರಿನ ಹುರಿ ಎಳೆದರು. ಆ ವಾರ ಅವರು ಕಲ್ಲಿಗೆ ಎರಡು ಸಲ, ಜೆಟ್ಟಿಗೆ ಒಂದು ಸಲ ತಾಗಿಸಿದರು. ಭಾಯ್ ಪ್ರತಿ ಸಲವೂ ರಸ್ಕ್ ತಿಂದರು. ಗುರುವಾರ ಮೇಡಂ ತಾವೇ ಕಂಡುಕೊಂಡರು: ಗಾಳಿ ನುಗ್ಗುವ ಜಾಗದಲ್ಲಿ ನೀರಿನ ಮೈ ಸುಕ್ಕಾಗುತ್ತದೆ. ಆ ಸುಕ್ಕು ದಾಟುವವರೆಗೆ ಮೂತಿಯನ್ನು ತುಸು ಗಾಳಿಯ ಕಡೆಗೇ ಇಟ್ಟು ಮೋಟರನ್ನು ದುಡಿಸಬೇಕು, ದಾಟಿದ ಮೇಲೆ ಬಿಡಬೇಕು. ಕೂಗಿ ಹೇಳಿದರು. ಭಾಯ್ ಏನೂ ಗೊತ್ತಿಲ್ಲದವರಂತೆ, "ಹೌದಾ?" ಎಂದರು.

ಎರಡನೆಯ ಭಾನುವಾರ ಗಾಳಿ ಮೊದಲಿಗಿಂತ ಜೋರಾಗಿತ್ತು. ಭಾಯ್ ಜೆಟ್ಟಿಯ ಮೇಲೆ ಕುರ್ಚಿಯನ್ನು ಕೆರೆಗೆ ಬೆನ್ನು ಮಾಡಿ ಹಾಕಿಕೊಂಡು ಕೂತರು. ಕಮಿಟಿಯವರು ಮುಖ ಮುಖ ನೋಡಿಕೊಂಡರು. ನಾನು ನನ್ನ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಅವರ ಎದುರು ನಿಂತೆ, ಹಾಗಾಗಿ ನನಗೆ ದೋಣಿಯೂ ಕಾಣುತ್ತಿತ್ತು, ಭಾಯ್ ಮುಖವೂ ಕಾಣುತ್ತಿತ್ತು. ಅವರು ಕಣ್ಣು ಮುಚ್ಚಿ ಮೋಟರಿನ ಸದ್ದನ್ನಷ್ಟೇ ಕೇಳುತ್ತಿದ್ದರು. ಸದ್ದು ಹತ್ತಿರವಾಯಿತು. ಸುಕ್ಕು ಬಂತು. ಮೇಡಂ ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಮೋಟರಿನ ಹಿಡಿ, ಎರಡನ್ನೂ ಒಟ್ಟಿಗೇ ತಿರುಗಿಸಿ ಮೂತಿಯನ್ನು ಗಾಳಿಯತ್ತ ಒಡ್ಡಿದರು. ದೋಣಿ ಓರೆಯಾಗಿ, ಏಡಿಯಂತೆ, ಮುಂದೆ ಬಂತು. ಭಾಯ್ ಬಾಯಲ್ಲಿ ಒಂದು ರಸ್ಕ್ ಇತ್ತು. ಕೈಯಲ್ಲಿದ್ದ ಇನ್ನೊಂದು ಪುಡಿಪುಡಿಯಾಗಿ ತೊಡೆಯ ಮೇಲೆ ಸುರಿಯಿತು. ಸುಕ್ಕು ದಾಟಿತು. ಮೋಟರಿನ ಸದ್ದು ಇಳಿಯಿತು. ಬರೀ ನೀರಿನ ಸದ್ದು. ಆಮೇಲೆ ಜೆಟ್ಟಿಗೆ ಕಟ್ಟಿದ್ದ ಹಳೆ ಟೈರಿಗೆ ದೋಣಿ ತಾಗಿದ ಸದ್ದು. ಮಲಗಿದ ಮಗುವಿನ ಕೋಣೆಯ ಬಾಗಿಲು ಮುಚ್ಚಿದಷ್ಟು ಮೆತ್ತಗೆ.

ಮೂರ್ತಿ ಸರ್ ಎದ್ದು ಬಂದು ದೋಣಿಯ ಮೈ ಸವರಿ ನೋಡಿದರು. "ಚೆನ್ನಾಗಿತ್ತು. ಆದ್ರೆ ಖಾದರ್, ನೀವು ತಿರುಗಿಯೂ ನೋಡಲಿಲ್ಲ. ಇವರಿಗೆ ನೀವು ಬೇಕೇ ಆಗಲಿಲ್ಲವಲ್ಲ?"

ಭಾಯ್ ಬಾಯಿ ತುಂಬ ರಸ್ಕ್ ಇತ್ತು, ಬರೀ ತಲೆಯಾಡಿಸಿದರು. ಆ ಹೊತ್ತಿಗೆ ನನ್ನ ಕರ್ಚೀಫು ಜಾರಿತ್ತು. ಖುಷಿಯಲ್ಲಿ, ನನ್ನನ್ನು ಕೇಳದೆಯೇ, ನನ್ನ ಗಂಟಲಿನಿಂದ ಎರಡು ಕೆಮ್ಮು ಮತ್ತು ಖಾದರ್ ಭಾಯ್ ಹೊರಬಂದರು: "ಅದೇ ಸಾರ್ ಪಾಠ!"

ಮೂರ್ತಿ ಸರ್ ಭಾಯ್ ಮುಖ ನೋಡಿದರು. ಭಾಯ್ ಇನ್ನೂ ಅಗಿಯುತ್ತಿದ್ದರು. ಮೂರ್ತಿ ಸರ್ ನಿಧಾನಕ್ಕೆ ನನ್ನ ಕಡೆ ತಿರುಗಿದರು. "ಅಂದ್ರೆ ಅವತ್ತು...?"

"ಹೌದು ಸರ್. ಅವತ್ತೇ ಹೇಳಿದ್ದೆ."

ಭಾಯ್ ಮೇಷ್ಟ್ರಾಗಿಯೇ ಉಳಿದರು. ನನಗೆ ಮಳೆಗಾಲ ಶುರುವಾಗುವವರೆಗೆ ಪ್ರತಿ ಭಾನುವಾರ ಜೆಟ್ಟಿಯ ಸುತ್ತ ಅಂತರಗಂಗೆ ಕೀಳುವ ಶಿಕ್ಷೆಯಾಯಿತು. ಭಾಯ್ ದಡದಲ್ಲಿ ಟೀ ಕುಡಿಯುತ್ತಾ ಎಲ್ಲಿ ಉಳಿದಿದೆಯೆಂದು ಬೆರಳು ತೋರಿಸುತ್ತಿದ್ದರು.

ಇನ್ನೆರಡು ವರ್ಷ ಅವರು ಕಲಿಸಿದರು. ಆಮೇಲೆ ಮೊಣಕಾಲು ಹಿಡಿದು, ಜೆಟ್ಟಿಯಿಂದ ದೋಣಿಗೆ ಕಾಲಿಡುವುದು ಕಷ್ಟವಾಗಿ, ತಾವೇ ನಿಲ್ಲಿಸಿದರು. ಈಗ ಸರ್ಟಿಫಿಕೇಟ್ ಇರುವ ಹೊಸ ಮೇಷ್ಟ್ರು ಬಂದಿದ್ದಾರೆ. ಚೆನ್ನಾಗಿಯೇ ಕಲಿಸುತ್ತಾರೆ. ಅನುಕರಣೆ ಮಾಡಲು ಅವರಲ್ಲಿ ಏನೂ ಇಲ್ಲ, ಅದೊಂದೇ ಕೊರತೆ.

ಭಾಯ್ ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮುಂಚೆ ಕೊಡಿಗೇಹಳ್ಳಿಯ ಅವರ ಮನೆಗೆ ಹೋಗಿದ್ದೆ. ಅದು ಕೊನೆಯ ಭೇಟಿಯೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಆದ್ದರಿಂದ ಮುಖ್ಯವಾದದ್ದೇನನ್ನೂ ಮಾತಾಡಲಿಲ್ಲ. ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದೆವು. ಭಾಯ್ ಮೈ ಇಳಿದುಹೋಗಿತ್ತು. ಅಷ್ಟರಲ್ಲಿ ನೀರಿನ ಟ್ಯಾಂಕರ್ ಒಂದು ಆ ಕಿರಿದಾದ ಗಲ್ಲಿಗೆ ರಿವರ್ಸ್‌ನಲ್ಲಿ ನುಗ್ಗಿತು. ಭಾಯ್ ಕಪ್ಪು ಕೆಳಗಿಟ್ಟರು. ಗೋಡೆ ಹಿಡಿದು ಎದ್ದು ನಿಂತರು.

"ಎಡಕ್ಕೆ ಕಟ್ ಮಾಡೋ! ಎಡಕ್ಕೆ! ಅರೆ, ಕಂಬ ಇದೆ ಅಲ್ಲಿ, ಕಣ್ಣು ಎಲ್ಲಿಟ್ಟಿದ್ಯಾ? ಬಿಡು... ಬಿಡು... ಬಸ್ ಬಸ್ ಬಸ್!"

ಗಲ್ಲಿಯ ನಾಯಿಗಳೆಲ್ಲ ಎದ್ದವು. ನಾನು ನಗುತ್ತಾ, "ಏನ್ ಭಾಯ್, ಬಾಯಿ ಮುಚ್ಕೊಂಡು ಕಲಿಸ್ಬೇಕು ಅಂತಿದ್ರಿ, ಈಗೇನಾಯ್ತು?" ಎಂದೆ.

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು.

"ಇವನು ನನ್ನ ಸ್ಟೂಡೆಂಟಾ? ಇವನ ಮೇಲೆ ಎಷ್ಟು ಬೇಕಾದ್ರೂ ಕೂಗಬಹುದು ಕಣೋ" ಎಂದು ಮತ್ತೆ ಗಲ್ಲಿಯ ಕಡೆ ತಿರುಗಿ, ಎದೆ ತುಂಬ ಉಸಿರು ಎಳೆದುಕೊಂಡರು.